ಎಡಗನ್ನಡಿಯಲ್ಲಿ ಹಾರ್ಲನ್

ಏಪ್ರಿಲ್ 14, ಸೋಮವಾರ

ಪಿಕಪ್ಪಿಗೆ ಕಟ್ಟಿ ಎಳೆಯುವ ನಮ್ಮ ಗಾಲಿಮನೆ, ಆ ಕ್ಯಾಂಪರ್ ಮೇಲಿನ ಟಾರ್ಪಾಲು ಎಳೆದು ತೆಗೆದೆ. ಚಕ್ರಗಳ ಹಿಂದೆ ಇನ್ನೂ ಹಿಮ, ಕೊಳಕು ಬೂದಿ ಬಣ್ಣದ್ದು. ಒಳಗೆ ಇಲಿಗಳು ಚಳಿಗಾಲ ಪೂರ್ತಿ ಸಂಸಾರ ಮಾಡಿವೆ. ಸೋಫಾದ ಒಂದು ಮೂಲೆ ಹೋಗಿದೆ, ಟಿಶ್ಯೂ ಪೇಪರೆಲ್ಲ ಚಿಂದಿ. ಪೈಪು ಒಡೆದಿಲ್ಲ. ಛಾವಣಿ ಸೋರಿಲ್ಲ. ಟೈರುಗಳಿಗೆ ಗಾಳಿ ಬೇಕು, ಅಷ್ಟೇ. ಮಿನ್ನೆಸೋಟದ ಚಳಿಗಾಲ ದಾಟಿದ ಮೇಲೆ ನಮ್ಮಿಬ್ಬರಿಗಿಂತ ಕ್ಯಾಂಪರೇ ಗಟ್ಟಿಯಾಗಿ ಕಾಣುತ್ತಿದೆ.

ಹಾರ್ಲನ್ ಕಿಟಕಿಯಿಂದ ನೋಡುತ್ತಿದ್ದ. ಕೈ ಬೀಸಿದೆ. ಅವನು ಬೀಸಲಿಲ್ಲ.

ಫೆಬ್ರವರಿಯಲ್ಲಿ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಾಗಿನಿಂದ ಹೀಗೇ. ಮಾತ್ರೆ ಕೆಲಸ ಮಾಡಿದೆ, ಮತ್ತೆ ಬಂದಿಲ್ಲ. ಆದರೆ ಡಾಕ್ಟರು ಸ್ಟೀರಿಂಗ್ ಮುಟ್ಟಬೇಡ ಎಂದರಲ್ಲ, ಅಲ್ಲಿಗೆ ಮುಗಿಯಿತು. ಜೀವಮಾನವೆಲ್ಲ ಕೌಂಟಿಯ ರಸ್ತೆಗಳಿಂದ ಹಿಮ ತೆಗೆಯುವ ಲಾರಿ ಓಡಿಸಿದ ನನ್ನ ಗಂಡ, ಈಗ ಟೀವಿಯಲ್ಲಿ ಹವಾಮಾನ ನೋಡುತ್ತಾ ಕುರ್ಚಿಗೆ ಅಂಟಿಕೊಂಡಿದ್ದಾನೆ. ಎಲ್ಲಿಗಾದರೂ ಹೋಗಲೇಬೇಕಾಗಿ ಬಂದರೆ ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಮುಂದೆ ಬಾ ಎಂದರೆ —

"ಮುಂದೆ ಕೂತ್ರೆ ನನ್ನ ಕಾಲು ಬ್ರೇಕ್ ಹುಡುಕುತ್ತೆ. ಬೇಡ."

ಈ ಬೇಸಿಗೆಯಲ್ಲಿ ಇವನನ್ನು ಆ ಕುರ್ಚಿಯಿಂದ ಎಬ್ಬಿಸದಿದ್ದರೆ ಮತ್ತೆಂದೂ ಏಳುವುದಿಲ್ಲ. ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಕೆನಡಾಕ್ಕೆ ಹೋಗುತ್ತಿದ್ದೇವೆ, ಪ್ರತಿ ವರ್ಷದ ಹಾಗೆ. ಕ್ಯಾಂಪರ್ ನಾನು ಎಳೆಯುತ್ತೇನೆ.

ಅವನಿಗೆ ಇನ್ನೂ ಹೇಳಿಲ್ಲ.


ಏಪ್ರಿಲ್ 20, ಈಸ್ಟರ್

ಹ್ಯಾಮ್, ಆಲೂಗಡ್ಡೆ, ಎರಡೇ ತಟ್ಟೆ. ಊಟದ ಮಧ್ಯೆ ಪಾಲೆಟ್ ಫೋನು. ಕೆನಡಾದಲ್ಲಿ ಕೆನೋರಾ ದಾಟಿದ ಮೇಲೆ ಸರೋವರದ ದಂಡೆಯಲ್ಲಿ ಕ್ಯಾಂಪರ್ ನಿಲ್ಲಿಸಲು ಜಾಗ ಕೊಡುವ ಕ್ಯಾಂಪ್‌ಗ್ರೌಂಡ್ ಇಟ್ಟುಕೊಂಡಿದ್ದಾಳಲ್ಲ, ಅವಳೇ. ನೀರಿಗೆ ತಾಗಿದ ಒಂಬತ್ತನೇ ಜಾಗ ಎಷ್ಟೋ ವರ್ಷಗಳಿಂದ ನಮ್ಮದು.

"ಜೂನ್ ಇಪ್ಪತ್ತೆಂಟಕ್ಕೆ ಬರ್ತೀರಾ ತಾನೆ ಆರ್ಡಿಸ್? ವಿನ್ನಿಪೆಗ್‌ನೋರು ಒಬ್ರು ನಿಮ್ಮ ಜಾಗದ ಮೇಲೆ ಕಣ್ಣಿಟ್ಟಿದಾರೆ. ಅವತ್ತು ಸಂಜೆವರೆಗೆ ಹಿಡಿದಿಡ್ತೀನಿ. ಆಮೇಲೆ ನನ್ನ ಬಯ್ಬೇಡಿ."

"ಬಂದೇ ಬರ್ತೀವಿ" ಎಂದೆ. ಹಾರ್ಲನ್‌ಗೆ ಕೇಳಲಿ ಎಂದೇ ಗಟ್ಟಿಯಾಗಿ.

ಫೋನ್ ಇಟ್ಟ ಕೂಡಲೇ ಶುರು.

"ಯಾರು ಬರೋದು?"

"ನೀನು, ನಾನು, ಕ್ಯಾಂಪರ್ರು."

"ಎಳೆಯೋದ್ಯಾರು?"

"ನಾನು."

ಫೋರ್ಕ್ ಕೆಳಗಿಟ್ಟ. "ಸ್ಕೂಲ್ ಬಸ್ಸು ಓಡಿಸೋದು ಬೇರೆ ಕಣೇ. ಬಸ್ಸಿಗೆ ಸೊಂಟ ಇಲ್ಲ. ಇದು ನಡುವಲ್ಲೇ ಮಡಚ್ಕೊಳ್ಳುತ್ತೆ."

"ಮೂವತ್ತೊಂದು ವರ್ಷ ಬಸ್ ತುಂಬ ಮಕ್ಕಳನ್ನ ಹಾಕ್ಕೊಂಡು ಓಡ್ಸಿದೀನಿ. ಕ್ಯಾಂಪರ್ ಕಿರುಚಲ್ಲ, ವಾಂತಿ ಮಾಡಲ್ಲ, ಕಿಟಕಿಯಿಂದ ಬೇರೆಯವರ ಶೂ ಎಸೆಯಲ್ಲ."

"ಮುಂದಕ್ಕೆ ಯಾರು ಬೇಕಾದ್ರೂ ಎಳೀತಾರೆ. ಹಿಂದಕ್ಕೆ ಹಾಕು ನೋಡೋಣ."

ಅದೊಂದು ನಿಜ. ಹಿಂದಕ್ಕೆ ಹಾಕಿ ಗೊತ್ತಿಲ್ಲ. ಇಷ್ಟು ವರ್ಷ ಓಡಿಸಿದ್ದು ಅವನು. ಹಿಂದೆ ನಿಂತು ಕೈ ಆಡಿಸಿದ್ದು ನಾನು.

ಕೊನೆಯ ಬಾಣ ಬಿಟ್ಟ — "ನನ್ನ ಹತ್ರ ಲೈಸೆನ್ಸೇ ಇಲ್ಲ. ಗಡಿಯಲ್ಲಿ ಏನು ತೋರಿಸ್ಲಿ, ಮೀಸೇನಾ?"

ಗಡಿ ದಾಟಲು ನಮ್ಮ ರಾಜ್ಯ ಕೊಡುವ ವಿಶೇಷ ಡ್ರೈವಿಂಗ್ ಲೈಸೆನ್ಸೇ ಸಾಕು, ನನ್ನದು ಇದೆ. ತನ್ನದನ್ನು ಅವನು ಮಾರ್ಚಿನಲ್ಲಿ ಕೌಂಟಿ ಆಫೀಸಿನ ಮೇಜಿನ ಮೇಲಿಟ್ಟು ತಿರುಗಿ ನೋಡದೆ ಬಂದ. "ಪಾಸ್‌ಪೋರ್ಟ್ ಮಾಡ್ಸಿದ್ರಾಯ್ತು" ಎಂದೆ.

"ಪಾಸ್‌ಪೋರ್ಟು ಪ್ಯಾರಿಸ್‌ಗೆ ಹೋಗೋರಿಗೆ. ಮೀನು ಹಿಡಿಯೋರಿಗಲ್ಲ."

ಎದ್ದು ಹೋಗಿ ಹವಾಮಾನದ ಮುಂದೆ ಕೂತ. ಪೈ ತಿನ್ನಲಿಲ್ಲ. ನಾನು ಎರಡು ತುಂಡು ತಿಂದೆ.


ಏಪ್ರಿಲ್ 27, ಭಾನುವಾರ

ಚರ್ಚ್ ಮುಗಿಸಿ ಶಾಲೆಯ ಬಸ್ ನಿಲ್ಲಿಸುವ ಬಯಲಿಗೆ ಕ್ಯಾಂಪರ್ ಎಳೆದುಕೊಂಡು ಹೋದೆ. ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ. ಯಾರೂ ಕೇಳಿಲ್ಲ, ನಾನೂ ಕೊಟ್ಟಿಲ್ಲ. ಕಿತ್ತಳೆ ಬಣ್ಣದ ಕೋನ್‌ಗಳನ್ನು ನಿಲ್ಲಿಸಿ ಒಂಬತ್ತನೇ ಜಾಗ ಅಂದುಕೊಂಡೆ.

ಮುಂದಕ್ಕೆ — ಬೆಣ್ಣೆ. ಹೆದ್ದಾರಿಯಲ್ಲಿ ಗಾಳಿಗೆ ಸ್ವಲ್ಪ ಬಾಲ ಆಡಿಸಿತು, ಗದರಿಸಿದೆ, ಸುಮ್ಮನಾಯಿತು.

ಹಿಂದಕ್ಕೆ... ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಸರಿ ಮಾಡಲು ಹೋದರೆ ಪಿಕಪ್ಪಿಗೂ ಕ್ಯಾಂಪರಿಗೂ ಮುಖಾಮುಖಿ ಜಗಳ. ಮೂರು ಕೋನ್ ಅಪ್ಪಚ್ಚಿ. ನಾಲ್ಕನೆಯದು ಅಡಿಗೆ ಸಿಕ್ಕಿಕೊಂಡು ಮನೆಯವರೆಗೂ ಬಂತು.

ಹಾರ್ಲನ್ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಬಾಗಿಲು ಹಾಕಿಕೊಂಡು ಒಳಗೆ ಹೋದ. ಬೈದಿದ್ದರೆ ವಾಸಿಯಿತ್ತು.

ಪರವಾಗಿಲ್ಲ. ಮೊದಲ ವಾರ ಬಸ್ಸಿನಲ್ಲಿ ನಾನು ಫುಟ್‌ಬಾಲ್ ಕೋಚ್‌ನ ಮನೆ ಮುಂದಿನ ಮೇಲ್‌ಬಾಕ್ಸ್ ಗುದ್ದಿ ಬೀಳಿಸಿದ್ದೆ. ಆಮೇಲೆ ಮೂವತ್ತೊಂದು ವರ್ಷ ಏನೂ ಬೀಳಲಿಲ್ಲ. ಕಲಿಯುತ್ತೇನೆ.


ಮೇ 3, ಶನಿವಾರ

ದಿನಸಿ ತಂದು ಬರುವಷ್ಟರಲ್ಲಿ ಕ್ಯಾಂಪರ್ ಮುಂದೆ ಹಲಗೆ. 'ಮಾರಾಟಕ್ಕಿದೆ'. ಗ್ಯಾರೇಜಿನ ಕೆಂಪು ಬಣ್ಣದಲ್ಲಿ, ಅವನದೇ ಕೈಬರಹ. ರಸ್ತೆಯ ಕಡೆಗೆ ಮುಖ.

ಒಳಗೆ ಹೋದೆ. ಹವಾಮಾನ ನೋಡುತ್ತಿದ್ದ. ಟೆಕ್ಸಾಸ್‌ನಲ್ಲಿ ಆಲಿಕಲ್ಲಂತೆ.

"ಏನಿದು ಹಾರ್ಲನ್?"

"ನಿಂತ ಗಾಡಿ ಕೊಳೆಯುತ್ತೆ. ಯಾರಾದ್ರೂ ತಗೊಂಡು ಹೋಗ್ಲಿ."

"ನಿಂತ ಗಾಡಿ ಯಾವುದು ಅಂತ ನನಗೆ ಗೊತ್ತು. ಕ್ಯಾಂಪರ್ ಅಲ್ಲ ಅದು."

ಮುಖ ಈ ಕಡೆ ತಿರುಗಿಸಲಿಲ್ಲ. ಕಿವಿ ಕೆಂಪಾಯಿತು. ಹೇಳಬಾರದಿತ್ತು ಅನಿಸಿತು. ಆಮೇಲೆ, ಹೇಳಿದ್ದು ಒಳ್ಳೆಯದೇ ಆಯಿತು ಅನಿಸಿತು.

ಹಲಗೆ ಗಟ್ಟಿಯಾಗಿದೆ, ಒಳ್ಳೆಯ ಓಕ್ ಮರ. ನೆಲ ಕರಗಿ ಕೆಸರಾಗಿ ಕ್ಯಾಂಪರಿನ ಮೂತಿ ಎತ್ತಿ ಹಿಡಿಯುವ ಜಾಕು ಹೂತುಹೋಗುತ್ತಿತ್ತು. ಅದರಡಿಗೆ ಹಲಗೆ ಇಟ್ಟೆ, ಅಕ್ಷರ ಕೆಳಗೆ ಮಾಡಿ. ಈಗ ಅಲುಗುವುದಿಲ್ಲ.


ಮೇ 11, ಭಾನುವಾರ

ತಾಯಂದಿರ ದಿನ. ಮಗಳು ಫಾರ್ಗೋದಿಂದ ಹೂವು ಕಳಿಸಿದಳು. ಫೋನಿನಲ್ಲಿ — "ಅಮ್ಮ, ಈ ವರ್ಷ ಬಿಟ್ಬಿಡು. ಇಲ್ಲಾಂದ್ರೆ ಇಲ್ಲೇ ಹತ್ತಿರ ಎಲ್ಲಾದ್ರೂ ಹೋಗಿ." ಮೀನು ಇರುವುದು ಅಲ್ಲಿ, ನಾವು ಇರುವುದು ಅಲ್ಲಿ, ಹತ್ತಿರ ಹೋಗಿ ಏನು ಮಾಡಲಿ ಎಂದೆ. ನಿಟ್ಟುಸಿರು ಬಿಟ್ಟಳು. ಅಪ್ಪನ ನಿಟ್ಟುಸಿರೇ.

ಸಂಜೆ ಮನೆ ಮುಂದಿನ ನಮ್ಮ ಡ್ರೈವ್‌ವೇಯಲ್ಲೇ ಹಿಂದಕ್ಕೆ ಹಾಕುವ ಪ್ರಯತ್ನ. ಒಂದು ಕಡೆ ಗ್ಯಾರೇಜು, ಒಂದು ಕಡೆ ಸ್ಪ್ರೂಸ್ ಮರ. ನಡುವೆ ಹೋಗಬೇಕು. ಹಿಂದೆ, ಮುಂದೆ, ಹಿಂದೆ, ಮುಂದೆ. ಎದುರು ಮನೆಯ ಡ್ವೇನ್ ಬಿಯರ್ ಹಿಡಿದು, ಕುರ್ಚಿ ತಂದು ಹಾಕಿಕೊಂಡು ಕೂತ. ಸಿನಿಮಾಕ್ಕೆ ಬಂದವನಂತೆ.

"ಆರ್ಡಿಸ್! ಮರಾನೇ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಹೇಗೆ?"

"ನಿನ್ನ ಕುರ್ಚಿ ಸರಿಸ್ಕೋ ಡ್ವೇನ್. ಮುಂದಿನ ಸಲ ಆ ಕಡೆಗೇ ಬರ್ತೀನಿ."

ಬಾಗಿಲು ದಡಾರನೆ ತೆರೆಯಿತು. ಹಾರ್ಲನ್. ಚಪ್ಪಲಿಯಲ್ಲೇ, ಕೆಸರಿನಲ್ಲಿ.

"ಕೆಳಗೆ ಹಿಡಿಯೇ! ಸ್ಟೀರಿಂಗ್ ಕೆಳಗೆ ಹಿಡಿ! ಒಂದೇ ಕೈ! ಬಾಲ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ ತಳ್ಳು, ಅಷ್ಟೇ!"

ಕೆಳಗೆ ಹಿಡಿದೆ. ಬಲಕ್ಕೆ ತಳ್ಳಿದೆ. ಬಾಲ ಬಲಕ್ಕೆ ಹೋಯಿತು. ಎಡಕ್ಕೆ ತಳ್ಳಿದೆ. ಎಡಕ್ಕೆ ಹೋಯಿತು!

ಇಷ್ಟು ವರ್ಷ ಈ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ, ನೋಡಿದೆಯಾ ಅವನನ್ನು. ಕೇಳಿದರೆ — "ನೀನ್ಯಾವತ್ತು ಕೇಳಿದ್ದೆ?"

ಆಮೇಲೆ ಅವನೇ ಹಿಂದೆ ನಿಂತು ದಾರಿ ತೋರಿಸಲು ಹೊರಟ. ಅಯ್ಯೋ ದೇವರೇ.

"ಆ ಕಡೆ! ಆ ಕಡೆ!"

"ಯಾವ ಕಡೆ?"

"ನನ್ನ ಕಡೆ!"

"ನೀನೆಲ್ಲಿದೀಯ?"

"ಇಲ್ಲೇ!"

ಕನ್ನಡಿಯಲ್ಲಿ ಬರೀ ಕ್ಯಾಂಪರ್. ಹಾರ್ಲನ್ ಅದರ ಬೆನ್ನ ಹಿಂದೆ ಎಲ್ಲೋ ನಿಂತು ಗಾಳಿಗೆ ಕೈ ಬೀಸುತ್ತಿದ್ದ. ಇಳಿದು ಹೋಗಿ ಕೇಳಿದೆ, ಮೂವತ್ತು ಬೇಸಿಗೆ ಸೊಳ್ಳೆ ಕಡಿಸಿಕೊಂಡು ನಾನು ಎಲ್ಲಿ ನಿಲ್ಲುತ್ತಿದ್ದೆ ಎಂದು.

ಯೋಚಿಸಿದ. "ಎಡಗಡೆ."

"ಯಾಕೆ?"

"...ಡ್ರೈವರ್ ಪಕ್ಕದ ಎಡಗನ್ನಡೀಲಿ ಕಾಣೋ ಹಾಗೆ."

"ಆದ್ರೂ ನೀನು ಪ್ರತಿ ಸಲ ಕಾಣ್ತಿಲ್ಲ ಕಾಣ್ತಿಲ್ಲ ಅಂತ ಕೂಗ್ತಿದ್ದೆ."

"ನೋಡ್ತಿರಲಿಲ್ಲ" ಎಂದ ಹಾರ್ಲನ್. ಮೆಲ್ಲಗೆ. ಡ್ವೇನ್‌ಗೆ ಕೇಳದ ಹಾಗೆ.


ಮೇ 18, ಭಾನುವಾರ

ಈಗ ನಿಯಮಗಳಿವೆ. ಅವನು ನನ್ನ ಎಡಗನ್ನಡಿಯಲ್ಲಿ ಇರಬೇಕು. ಕಾಣದಿದ್ದರೆ ನಾನು ನಿಲ್ಲಿಸುತ್ತೇನೆ, ಅವನು ಬಾಯಿಗೆ ಬಂದದ್ದು ಬೈದರೂ. ಕೂಗಾಟ ಇಲ್ಲ, ಕೈ ಮಾತ್ರ. ಎರಡೂ ಅಂಗೈ ಎತ್ತಿದರೆ ನಿಲ್ಲು.

ಇವತ್ತು ಗ್ಯಾರೇಜಿಗೂ ಸ್ಪ್ರೂಸಿಗೂ ತಾಗದೆ ಎರಡು ಸಲ ಹಾಕಿದೆ. ಡ್ವೇನ್ ಬೇಜಾರಾಗಿ ಕುರ್ಚಿ ಒಳಗಿಟ್ಟ.

ಪಾಸ್‌ಪೋರ್ಟ್ ಮಾತೆತ್ತಿದೆ. ಮುಖ ಗಂಟಾಯಿತು. "ನಿನಗೆ ಕಲಿಸ್ತಿದೀನಿ, ಸಾಕಲ್ಲ. ಪಾಲೆಟ್ ಹತ್ರ ನೀನೇ ಹೋಗಿ ಬಾ."

ಒಬ್ಬಳೇ ಒಂಬತ್ತನೇ ಜಾಗದಲ್ಲಿ ಕೂತು ಏನು ಮಾಡಲಿ? ನನಗೆ ಮೀನು ಅಂದರೆ ಆಗುವುದೇ ಇಲ್ಲ. ಇದುವರೆಗೆ ಹೇಳಿಲ್ಲ ಅವನಿಗೆ.


ಮೇ 24, ಶನಿವಾರ

ಪೆನ್ನು ಒತ್ತಿ ಒತ್ತಿ ಹಾಳೆ ಹರಿದಿದೆ. ಸಿಟ್ಟಿಗೆ. ಹೆದರಿಕೆಗೂ ಇರಬಹುದು.

ರಜೆಯ ವಾರಾಂತ್ಯ, ಒಂದು ರಾತ್ರಿ ಸ್ಟೇಟ್ ಪಾರ್ಕಿನಲ್ಲಿ ಇದ್ದು ಬರೋಣ, ಪರೀಕ್ಷೆಯೂ ಆಗುತ್ತದೆ ಎಂದು ಹೊರಟೆವು. ಹಾರ್ಲನ್ ಒಪ್ಪಿದ್ದೇ ದೊಡ್ಡದು — ಹಿಂದಿನ ಸೀಟಿನಲ್ಲಿ, ಸರಿ. ಡ್ವೇನ್ ಅದೇ ಪಾರ್ಕಿಗೆ ದೋಣಿ ಎಳೆದುಕೊಂಡು ನಮ್ಮ ಬೆನ್ನ ಹಿಂದೆಯೇ. ಆಕಾಶ ತಿಳಿ. ಕ್ಯಾಂಪರ್ ಹಸುವಿನ ಹಾಗೆ ಸುಮ್ಮನೆ ಬರುತ್ತಿತ್ತು. ಧಾನ್ಯದ ಗೋದಾಮು ದಾಟಿದೆವು. ಅದರಾಚೆ ರೈಲು ಹಳಿ.

ನಿಲ್ಲಿಸಿದೆ.

ಪೂರ್ತಿ ನಿಲ್ಲಿಸಿದೆ. ಬಾಗಿಲೂ ತೆಗೆದೆ. ಕಿವಿಗೊಟ್ಟು ಕೇಳಿದೆ, ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಸ್ಕೂಲ್ ಬಸ್ಸು ಹಳಿ ದಾಟುವ ಮುಂಚೆ ಹೀಗೆ ಮಾಡಲೇಬೇಕು, ಕಾನೂನು. ಮೂವತ್ತೊಂದು ವರ್ಷ ಇದೇ ಹಳಿಯ ಹತ್ತಿರ ದಿನಕ್ಕೆ ಎರಡು ಸಲ ಮಾಡಿದ್ದೇನೆ. ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಕೈ ಕಾಲು ತಾವೇ ಮಾಡುತ್ತವೆ.

ಹಿಂದಿನಿಂದ ಢಬ್.

ಡ್ವೇನ್ ಇಳಿದು ಬಂದ, ಮುಖ ಬೀಟ್‌ರೂಟು. "ತಲೆ ಕೆಟ್ಟಿದೆಯಾ ನಿನಗೆ? ಈ ಹಳಿ ಮೇಲೆ ಎಷ್ಟು ವರ್ಷದಿಂದ ರೈಲೇ ಬಂದಿಲ್ಲ! ಗಿಡ ಬೆಳೆದಿದೆ ನೋಡು! ಬಾಗಿಲು ಬೇರೆ ತೆಗೀತಾಳೆ, ಯಾರನ್ನ ಹತ್ತಿಸ್ಕೋಬೇಕಿತ್ತು?"

ಇಳಿದು ಹೋಗಿ ನೋಡಿದೆ. ಕ್ಯಾಂಪರಿನ ಹಿಂದಿನ ಬಂಪರ್ ಒಳಗೆ ಹೋಗಿತ್ತು, ಒಂದು ದೀಪ ಪುಡಿ. ಇಷ್ಟೇ, ಮುಗಿಯಿತು, ಇನ್ನು ಹಲಗೆ ಮತ್ತೆ ರಸ್ತೆಗೆ ಮುಖ ಮಾಡುತ್ತದೆ ಅಂದುಕೊಂಡೆ.

ಹಾರ್ಲನ್ ಹಿಂದಿನ ಬಾಗಿಲಿನಿಂದ ಇಳಿದ. ಬಂಪರ್ ನೋಡಿದ. ಡ್ವೇನ್‌ನನ್ನು ನೋಡಿದ.

"ನಿನ್ನ ಇಬ್ಬರು ಮಕ್ಕಳು ಚಿಕ್ಕಂದಿನಿಂದ ಹೈಸ್ಕೂಲ್ ಮುಗಿಯೋವರೆಗೆ ಈ ಹಳಿ ದಾಟಿದ್ದು ಇವಳ ಬೆನ್ನ ಹಿಂದೆ ಕೂತು. ಒಂದೇ ಒಂದು ದಿನ ನಿಲ್ಲಿಸದೆ ಹೋಗಿದ್ರೆ ನೀನೇ ಮೊದಲು ಸ್ಕೂಲ್ ಬೋರ್ಡಿಗೆ ಓಡ್ತಿದ್ದೆ. ಹೌದೋ ಅಲ್ವೋ?"

"ಅದು ಬಸ್ಸು ಹಾರ್ಲನ್—"

"ಅವಳು ನಿಂತಳು. ಬ್ರೇಕ್ ದೀಪ ಉರೀತಿತ್ತು. ಬಾಲ ಮೂಸ್ಕೊಂಡು ಬಂದಿದ್ದು ನೀನು. ನನ್ನ ಲಾರಿ ಹಿಂದೇನೂ ಹೀಗೇ ಬರ್ತಿದ್ದೆ. ಚಳಿಗಾಲದಲ್ಲಿ ಎಷ್ಟು ಸಲ ನಿನ್ನ ಹಳ್ಳದಿಂದ ಎತ್ತಿದೀನಿ, ಹೇಳಲಾ?"

ಡ್ವೇನ್ ಬಾಯಿ ಮುಚ್ಚಿದ. ದೀಪದ ಚೂರುಗಳನ್ನು ಅವನೇ ಬಗ್ಗಿ ಆರಿಸಿದ.

ಪಾರ್ಕಿಗೆ ಹೋಗಲಿಲ್ಲ. ತಿರುಗಿಸಿಕೊಂಡು ಮನೆಗೆ.


ಮೇ 25, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮಾಂಸದ ಮೇಲೆ ಆಲೂಗಡ್ಡೆ ಹರಡಿ ಬೇಯಿಸುವ ಟೇಟರ್ ಟಾಟ್ ಹಾಟ್‌ಡಿಶ್ ಮಾಡಿದೆ. ಒಲೆಯ ಮುಂದೆ ನಿಂತು ಅತ್ತೆ, ಸ್ವಲ್ಪ ಹೊತ್ತು. ಬಂಪರಿಗಲ್ಲ.

ಅಷ್ಟು ಜನರ ಮಕ್ಕಳನ್ನು ಮನೆ ಮುಟ್ಟಿಸಿದವಳು ಇವನೊಬ್ಬನನ್ನು ಸರೋವರ ಮುಟ್ಟಿಸಲಾರೆನೇ?


ಮೇ 27, ಮಂಗಳವಾರ

ಬೆಳಿಗ್ಗೆ ಹಾರ್ಲನ್ ಗಡ್ಡ ಹೆರೆದುಕೊಂಡು, ಮದುವೆ-ಸಾವುಗಳಿಗೆ ಹಾಕುವ ನೀಲಿ ಶರ್ಟ್ ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ಯಾರು ಸತ್ತರು?" ಎಂದೆ.

"ಫೋಟೋ ತೆಗೆಸ್ಬೇಕು. ಪಾಸ್‌ಪೋರ್ಟಿಗೆ. ಬೇಗ ಬರೋದಕ್ಕೆ ಏನೋ ಹೆಚ್ಚಿಗೆ ಕಟ್ಟಬೇಕಂತೆ, ಕಟ್ಟಿಬಿಡೋಣ."

ಏನೂ ಆಗದವಳ ಹಾಗೆ ಕೀ ತೆಗೆದುಕೊಂಡೆ.

ನಮ್ಮೂರಲ್ಲಿ ಫೋಟೋ ತೆಗೆಯುವುದೂ ಔಷಧಿ ಅಂಗಡಿಯಲ್ಲೇ. ಕನ್ನಡಕ ತೆಗೆಯಿರಿ, ನಗಬೇಡಿ ಎಂದಳು ಹುಡುಗಿ. "ನಗಬೇಡಿ ಅಂತ ಇವರಿಗೆ ಹೇಳೋದೇ ಬೇಡಮ್ಮ" ಎಂದೆ ನಾನು. ನಕ್ಕುಬಿಟ್ಟ. ಮತ್ತೆ ತೆಗೆಯಬೇಕಾಯಿತು.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಮಾತು ಶುರುವಾಯಿತು. ಕಿಟಕಿಯ ಹೊರಗೆ ನೋಡುತ್ತಾ.

"ಬೆಳಗಿನ ಜಾವ ಎದ್ದು ನಾನು ರಸ್ತೆ ತೆಗೀತಿದ್ದೆ. ಆಮೇಲೆ ಅದೇ ರಸ್ತೆ ಮೇಲೆ ನೀನು ಬಸ್ ತರ್ತಿದ್ದೆ. ಅಷ್ಟು ವರ್ಷದಲ್ಲಿ ನಿನ್ನ ಬಸ್ಸು ಒಂದು ಸಲಾನೂ ಹಳ್ಳಕ್ಕೆ ಇಳೀಲಿಲ್ಲ."

"ಇಲ್ಲ."

"ನಾನು ರಸ್ತೆ ಚೆನ್ನಾಗಿ ತೆಗೀತಿದ್ದೆ, ಅದಕ್ಕೇ ಅಂದ್ಕೊಂಡಿದ್ದೆ."

ಕಾದೆ.

"ನೀನೂ ತಕ್ಕಮಟ್ಟಿಗೆ ಓಡಿಸ್ತಿದ್ದೆ ಅನ್ಸುತ್ತೆ."

ನಮ್ಮ ಕಡೆಯ ಗಂಡಸರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆಯ ದಿನವೂ ಇಷ್ಟು ಹೇಳಿರಲಿಲ್ಲ. ಹಳಿಯ ಹತ್ತಿರ ಬಂದಾಗ ನಿಲ್ಲಿಸಿದೆ, ಬೇಕೆಂದೇ. ಬಾಗಿಲೂ ತೆಗೆದೆ. ಇಬ್ಬರೂ ಕಿವಿಗೊಟ್ಟು ಕೇಳಿದೆವು. ಹಕ್ಕಿಗಳು, ಅಷ್ಟೇ.


ಜೂನ್ 12, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಬಂಪರ್ ನೆಟ್ಟಗಾಯಿತು — ಡ್ವೇನ್ ಸುತ್ತಿಗೆ, ಹಾರ್ಲನ್ ಉಪದೇಶ. ಹೊಸ ದೀಪವನ್ನೂ ಡ್ವೇನೇ ತಂದ, ಬೇಡವೆಂದರೂ ಕೇಳಲಿಲ್ಲ.

ಇವತ್ತು ಗುಂಡುಗಳ ಬೇಟೆ. ನವೆಂಬರಿನಲ್ಲಿ ಜಿಂಕೆ ಬೇಟೆಗೆ ಇದೇ ಕ್ಯಾಂಪರ್ ಕಾಡಿಗೆ ಹೋಗುತ್ತದೆ. ಇಲ್ಲಿ ಯಾರ ಮನೆಯ ಡ್ರಾಯರ್ ಎಳೆದರೂ ನಾಲ್ಕು ತೋಟಾ ಉರುಳುತ್ತವೆ, ಯಾರೂ ಹುಬ್ಬೇರಿಸುವುದಿಲ್ಲ. ಗಡಿಯಲ್ಲಿ ಹುಬ್ಬೇರಿಸುತ್ತಾರೆ. ಇಲ್ಲ ಎಂದು ಹೇಳಿ ಆಮೇಲೆ ಒಂದೇ ಒಂದು ಸಿಕ್ಕರೂ ಮುಗಿಯಿತು, ಪ್ರವಾಸ ಅಲ್ಲಿಗೇ.

"ಒಂದೂ ಇಲ್ಲ" ಎಂದ ಹಾರ್ಲನ್. "ಎಲ್ಲ ತೆಗೆದಿದೀನಿ."

ಕಾಫಿ ಡಬ್ಬದಲ್ಲಿ ಸಿಕ್ಕವು. ಚಮಚಗಳ ಮಧ್ಯೆ ಸಿಕ್ಕವು. ಹಾಸಿಗೆಯ ಅಡಿ. ಚದುರಂಗದ ಪೆಟ್ಟಿಗೆಯಲ್ಲಿ ಕಳೆದುಹೋದ ಕಾಲಾಳಿನ ಬದಲು ಒಂದು. ಸೋಫಾದೊಳಗಿನ ಇಲಿಗೂಡು ಬಿಚ್ಚಿದರೆ, ಹತ್ತಿ ನಡುವೆ ಬೆಚ್ಚಗೆ ಇನ್ನೊಂದು!

"ಇದು ನಂದಲ್ಲ" ಎಂದ. "ಇಲೀದು."

ನಗು ತಡೆಯಲಾಗದೆ ನೆಲದ ಮೇಲೆ ಕೂತೆ. ಅವನೂ ಕೂತ. ಏಳಲು ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕಾಯಿತು.


ಜೂನ್ 20, ಶುಕ್ರವಾರ

ಬಂತು! ಅಂಚೆಯ ಲಕೋಟೆಯಲ್ಲಿ, ನೀಲಿ ಪುಸ್ತಕ. ಫೋಟೋದಲ್ಲಿ ತುಟಿ ಬಿಗಿದಿದ್ದಾನೆ, ಆದರೆ ಕಣ್ಣು ನಗುತ್ತಿದೆ. ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಮನೆಯೊಳಗೆಲ್ಲ ಓಡಾಡಿದ. ಊಟಕ್ಕೂ ತೆಗೆದಿಡಲಿಲ್ಲ.

ಟೀವಿ ಹಾಕಿದ್ದ. ಕೆನೋರಾದ ಹವಾಮಾನ ನೋಡುತ್ತಿದ್ದ. ಬರೀ ಕೆನೋರಾದ್ದು.


ಜೂನ್ 26, ಗುರುವಾರ

ಸಾಮಾನು ತುಂಬಿದ್ದು. ಹಾರ್ಲನ್ ಸೌದೆ ತುಂಬಿಸಿದ್ದ, ಇಳಿಸಿದೆ. ಮರದೊಳಗೆ ಹುಳ ಇರುತ್ತದೆಂದು ಗಡಿಯಲ್ಲಿ ಬಿಡುವುದಿಲ್ಲ, ಪಾಲೆಟ್ ಹತ್ತಿರವೇ ಕೊಳ್ಳಬೇಕು. ಗಾಳಕ್ಕೆಂದು ಜಿಗಣೆಗಳ ಡಬ್ಬ ಫ್ರಿಜ್ಜಿನಲ್ಲಿಟ್ಟಿದ್ದ, ನನ್ನ ಬೆಣ್ಣೆಯ ಪಕ್ಕ. ಅದೂ ನಿಷಿದ್ಧ.

"ಒಂದು ಜಿಗಣೆ ಏನು ಮಾಡುತ್ತೆ ಕೆನಡಾಕ್ಕೆ?"

"ನಿನ್ನ ಜಿಗಣೆ ಅಲ್ವಾ, ಹಟ ಹಿಡ್ದು ಅಲ್ಲೇ ಕೂತ್ಕೊಳ್ಳುತ್ತೆ."

ಡ್ವೇನ್‌ಗೆ ಕೊಟ್ಟುಬಂದ. ಜೊತೆಗೆ ಮನೆಯ ಕೀಲಿಯನ್ನೂ.

ಎಲ್ಲ ಸಿದ್ಧ. ಕೊಂಡಿ, ಸರಪಳಿ, ದೀಪ, ಬ್ರೇಕು — ಬಸ್ಸಿಗೆ ಪ್ರತಿ ಬೆಳಿಗ್ಗೆ ಮಾಡುತ್ತಿದ್ದಂತೆ ಸುತ್ತು ಬಂದು ಎಲ್ಲ ಮುಟ್ಟಿ ನೋಡಿದೆ. ಹಾರ್ಲನ್ ನನ್ನ ಹಿಂದೆಯೇ ಸುತ್ತು ಬಂದು ಎಲ್ಲವನ್ನೂ ಇನ್ನೊಮ್ಮೆ ಮುಟ್ಟಿದ. ಏನೂ ಸಡಿಲ ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಬೇಜಾರು.


ಜೂನ್ 28, ಶನಿವಾರ, ಬೆಳಿಗ್ಗೆ

ಹೊರಡುವ ಮುಂಚೆ ಎರಡು ಸಾಲು.

ಮೀನು ಹಿಡಿಯುವ ಜಾಕೆಟ್ ಹಾಕಿಕೊಂಡು ಬಂದ. ಜಾಕೆಟ್ ನೋಡಿದ ಕೂಡಲೇ ನೆನಪಾಯಿತು — ನವೆಂಬರಿನ ಜಿಂಕೆ ಬೇಟೆಗೂ ಅದನ್ನೇ ಹಾಕುತ್ತಾನೆ. ಬಸ್ಸಿನಲ್ಲಿ ತುಂಟರನ್ನು ನಿಲ್ಲಿಸುತ್ತಿದ್ದ ಹಾಗೆ ನಿಲ್ಲಿಸಿ ಜೇಬು ಖಾಲಿ ಮಾಡಿಸಿದೆ. ಚ್ಯೂಯಿಂಗ್ ಗಮ್, ಗಾಳದ ದಾರ, ಎರಡು ತೋಟಾ.

"ಇದೂ ಇಲೀದಾ?"

ತಲೆ ತಗ್ಗಿಸಿದ. ಡ್ವೇನ್ ಮನೆಯ ಮೆಟ್ಟಿಲ ಮೇಲೆ ಇಟ್ಟು ಬಂದ.

ಹಿಂದಿನ ಬಾಗಿಲು ತೆಗೆದು ಹತ್ತಿದ. ಹಿಂದೆಯೇ ಇರಲಿ. ಬರುತ್ತಿದ್ದಾನಲ್ಲ. ಮುಂದಿನ ಸೀಟಿನಲ್ಲಿ ಫ್ಲಾಸ್ಕು, ನಕ್ಷೆ, ಸ್ಯಾಂಡ್‌ವಿಚ್ ಚೀಲ, ನನ್ನ ಸ್ವೆಟರ್ ಎಲ್ಲ ಹರಡಿದ್ದೇನೆ. ಖಾಲಿ ಸೀಟು ಕಣ್ಣಿಗೆ ಕಾಣಬಾರದು.


ಅದೇ ದಿನ, ರೇನಿ ನದಿಯಾಚೆ

ಗಡಿ ಠಾಣೆಯ ಪಕ್ಕ ಪಿಕಪ್ಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಧಿಕಾರಿ ಕ್ಯಾಂಪರ್ ಒಳಗಿದ್ದಾನೆ. ಹಾರ್ಲನ್ ಹೊರಗೆ.

ಸೇತುವೆ ದಾಟಿ ಕಿಟಕಿಯ ಮುಂದೆ ನಿಲ್ಲಿಸಿದೆ. ಅಧಿಕಾರಿ ಬಿಸಿಲಿಗೆ ಮೂಗು ಸುಲಿದ ಹುಡುಗ, ಒಳ್ಳೆಯವನು. ಬಂದೂಕು? ಇಲ್ಲ. ಗುಂಡು? ಇಲ್ಲ — ಹೇಳುವಾಗ ಇಲಿಗೂಡು ನೆನಪಾಯಿತು. ಸೌದೆ? ಇಲ್ಲ. ಗಾಳದ ಹುಳ?

"ಇಲ್ಲ" ಎಂದ ಹಾರ್ಲನ್ ಹಿಂದಿನಿಂದ. ಸತ್ತವರ ಹೆಸರು ಹೇಳಿದ ಹಾಗೆ.

ಹುಡುಗ ಇಣುಕಿದ. "ಸರ್, ನೀವ್ಯಾಕೆ ಹಿಂದೆ ಕೂತಿದೀರಿ?"

"ಇವಳು ಸ್ಕೂಲ್ ಬಸ್ ಡ್ರೈವರ್ರು. ಗಲಾಟೆ ಮಾಡೋರನ್ನ ಮುಂದೆ ಕೂರಿಸಲ್ಲ."

ಹುಡುಗ ನಕ್ಕ. ಆದರೂ ಒಳಗೆ ಒಮ್ಮೆ ನೋಡಬೇಕು, ಪಕ್ಕದಲ್ಲಿ ನಿಲ್ಲಿಸಿ ಎಂದ. ಪಕ್ಕದ ಜಾಗದ ಮುಂದೆ ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್ ಒಂದು ಅಡ್ಡ ನಿಂತಿತ್ತು. ಮುಂದಿನಿಂದ ದಾರಿಯಿಲ್ಲ. ಹಿಂದಕ್ಕೇ ಹಾಕಬೇಕು, ಎರಡು ಸಿಮೆಂಟ್ ಕಂಬಗಳ ನಡುವೆ. ನಮ್ಮ ಬೆನ್ನಿಗೆ ಸೇತುವೆಯವರೆಗೂ ಗಾಡಿಗಳು, ಎಲ್ಲರೂ ನೋಡುತ್ತಿದ್ದಾರೆ.

"ಕಷ್ಟ ಆದ್ರೆ ಹೇಳಿ ಮೇಡಂ, ನಮ್ಮೋರ್ಯಾರಾದ್ರೂ ಹಾಕಿ ಕೊಡ್ತಾರೆ."

ನಾನು ಬ್ರೇಕಿನ ಮೇಲೆ ಕಾಲಿಟ್ಟು ಕಂಬಗಳ ನಡುವಿನ ಜಾಗ ಅಳೆಯುತ್ತಿದ್ದೆ.

"ಬೇಕಾಗಿಲ್ಲ" ಎಂದ ಹಾರ್ಲನ್. "ಅವಳು ಹಾಕ್ತಾಳೆ. ನಾನು ಇಳೀಬಹುದಾ?"

ಹುಡುಗ ಇಳಿಯಿರಿ ಎಂದ.

ಎಡಗನ್ನಡಿಯಲ್ಲಿ ನೋಡಿದೆ. ಬಂದ. ನಿಂತ. ಮೀನಿನ ಜಾಕೆಟ್, ತಲೆಯ ಮೇಲೆ ಟೋಪಿ, ಕಾಲು ಅಗಲಿಸಿ, ಸರಿಯಾಗಿ ಕನ್ನಡಿಯ ನಡುಮಧ್ಯ. ಕೂಗಲಿಲ್ಲ. ಕೈ ಎತ್ತಿ ಮೆಲ್ಲಗೆ ಕರೆದ — ಬಾ. ಸ್ಟೀರಿಂಗ್ ಕೆಳಗೆ ಹಿಡಿದೆ. ಬಂದೆ. ಸ್ವಲ್ಪ ಈ ಕಡೆ ಎಂದ. ತಳ್ಳಿದೆ. ಒಂದು ಸಲವೂ ಕನ್ನಡಿಯಿಂದ ಆಚೆ ಹೋಗಲಿಲ್ಲ. ಒಂದೇ ಏಟಿಗೆ ಕಂಬಗಳ ನಡುವೆ ಕೂತಿತು. ಎರಡೂ ಅಂಗೈ ಎತ್ತಿದ. ನಿಲ್ಲಿಸಿದೆ.

ಸಾಲಿನಲ್ಲಿದ್ದವರು ಯಾರೋ ಹಾರ್ನ್ ಹೊಡೆದರು, ಮೆಚ್ಚಿಗೆಗೆ. ಹಾರ್ಲನ್ ಟೋಪಿ ಎತ್ತಿ ನನ್ನ ಕಡೆ ತೋರಿಸಿದ. ಅವಳು, ನಾನಲ್ಲ, ಎಂಬಂತೆ.

ಕಣ್ಣು ಮಂಜಾಗಿದೆ, ಅಕ್ಷರ ಓರೆಯಾಗುತ್ತಿದೆ. ಸಂತೋಷ ಇದು. ಮತ್ತೇನೂ ಅಲ್ಲ.

ಅಧಿಕಾರಿ ಇಳಿದ. ಕೈ ಖಾಲಿ. ತಲೆಯಾಡಿಸಿ ಹೊರಡಿ ಎನ್ನುತ್ತಿದ್ದಾನೆ. ಸಂಜೆಯೊಳಗೆ ಪಾಲೆಟ್ ಹತ್ತಿರ ಇರುತ್ತೇವೆ. ಹಾರ್ಲನ್ ಅವನ ಕೈ ಕುಲುಕಿ ಬರುತ್ತಿದ್ದಾನೆ, ಕನ್ನಡಿಯಲ್ಲಿ ದೊಡ್ಡದಾಗುತ್ತಾ. ಹಿಂದಿನ ಬಾಗಿಲ ಹತ್ತಿರ ಬಂದ.

ನಿಲ್ಲಲಿಲ್ಲ. ದಾಟಿದ. ಪಿಕಪ್ಪಿನ ಮುಂದಿನಿಂದ ಸುತ್ತು ಹಾಕಿ ಆ ಕಡೆಯ ಮುಂದಿನ ಬಾಗಿಲಿಗೆ ಬರುತ್ತಿದ್ದಾನೆ. ಅಯ್ಯೋ, ಸೀಟಿನ ತುಂಬ ನನ್ನ ಸಾಮಾನು — ಫ್ಲಾಸ್ಕು, ನಕ್ಷೆ — ತೆಗೀಬೇಕು, ಬೇಗ —